ಸಾಲು ಎಲ್ಲಿ ತಿರುಗಬೇಕು?

ಕಂಪ್ಯೂಟರಿನ ಮುಂದೆ ಕೂತು ಅಚ್ಚುಕಟ್ಟಾಗಿ ಟೈಪ್ ಮಾಡಿದ ಪ್ರಕಟಣೆಯೊಂದು ವಾಟ್ಸ್‌ಆ್ಯಪ್ ಗುಂಪಿಗೆ ಬಂದಾಗ ಹೀಗೆ ಕಾಣುವುದನ್ನು ನೀವೂ ನೋಡಿರುತ್ತೀರಿ:

ಆತ್ಮೀಯರೇ, ಇದೇ ಭಾನುವಾರ ಬೆಳಿಗ್ಗೆ ಹತ್ತು
ಗಂಟೆಗೆ
ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ವಾರ್ಷಿಕ
ಸಭೆ
ಸೇರಲಿದೆ. ಎಲ್ಲ ನಿವಾಸಿಗಳೂ ತಪ್ಪದೆ ಬಂದು ತಮ್ಮ
ಅಭಿಪ್ರಾಯ
ತಿಳಿಸಬೇಕಾಗಿ ವಿನಂತಿ.

ಒಂದು ಉದ್ದ, ಒಂದು ಗಿಡ್ಡ, ಮತ್ತೊಂದು ಉದ್ದ. ಹಲ್ಲು ಮುರಿದ ಬಾಚಣಿಗೆಯ ಹಾಗೆ. ಬರೆದವರ ಪರದೆಯ ಮೇಲೆ ಇದು ಮೂರು ಸಮನಾದ ಸಾಲು, ಕೊನೆಗೊಂದು ತುಂಡು, ಅಷ್ಟೇ ಆಗಿತ್ತು. ಬಲ ಅಂಚು ಹತ್ತಿರ ಬಂತೆಂದು ಅವರು ಪ್ರತಿ ಸಾಲಿನ ಕೊನೆಗೂ ಎಂಟರ್ ಕೀ ಒತ್ತಿದ್ದಾರೆ. ಆ ಅಂಚು ಇದ್ದದ್ದು ಅವರ ಪರದೆಯಲ್ಲಿ ಮಾತ್ರ. ಓದುವವರ ಫೋನು ಅದಕ್ಕಿಂತ ಒಂದು ಪದದಷ್ಟು ಕಿರಿದು. ಹಾಗಾಗಿ ಫೋನು ತನ್ನ ಅಂಚಿನಲ್ಲಿ ಒಮ್ಮೆ ಸಾಲು ತಿರುಗಿಸಿತು, ಬರೆದವರು ಒತ್ತಿದ ಎಂಟರ್ ಬಂದಾಗ ಮತ್ತೊಮ್ಮೆ ತಿರುಗಿಸಿತು.

ಈ ಒಂದು ಪುಟ್ಟ ಎಡವಟ್ಟಿನಲ್ಲಿ ಇಡೀ ವಿಷಯ ಅಡಗಿದೆ. ಪರದೆಯ ಮೇಲಿನ ಬರಹದಲ್ಲಿ ಸಾಲು ಮುಗಿಯುವುದಕ್ಕೆ ಎರಡು ಕಾರಣಗಳಿರುತ್ತವೆ. ಒಂದು, ಬರೆದವರು ಇಲ್ಲಿ ನಿಲ್ಲಲೇಬೇಕು ಎಂದು ಹೇಳಿರುವುದು. ಇನ್ನೊಂದು, ಜಾಗ ಮುಗಿಯಿತೆಂದು ಯಂತ್ರ ತಾನಾಗಿ ಮುಂದಿನ ಸಾಲಿಗೆ ಇಳಿಯುವುದು. ಎರಡನೆಯದಕ್ಕೆ ವರ್ಡ್ ರ‍್ಯಾಪ್ ಎನ್ನುತ್ತಾರೆ. ಮೊದಲನೆಯದು ಬರಹದ ಜೊತೆಗೇ ಊರೂರು ಸುತ್ತುತ್ತದೆ. ಎರಡನೆಯದು ಎಲ್ಲಿಗೂ ಹೋಗುವುದಿಲ್ಲ, ಪ್ರತಿ ಪರದೆಯಲ್ಲೂ ಹೊಸದಾಗಿ ಹುಟ್ಟುತ್ತದೆ. ಗದ್ಯದಲ್ಲಿ ಬರೆದವರಿಗೆ ಸೇರಿದ್ದು ಪ್ಯಾರಾ ಮಾತ್ರ, ಸಾಲಿನ ಕೊನೆ ಓದುವವರಿಗೆ ಸೇರಿದ್ದು ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಓದುವವರು ಕನ್ನಡದವರಾದಾಗ ಆ ಕೊನೆಯನ್ನು ನಿರ್ಧರಿಸುವ ಯಂತ್ರಕ್ಕೂ ಕನ್ನಡ ಗೊತ್ತಿರಬೇಕಾಗುತ್ತದೆ. ಅದು ಇನ್ನೂ ಅರೆಬರೆಯಾಗಿಯೇ ಇದೆ.

ಯಂತ್ರ ಸಾಲು ತಿರುಗಿಸುವ ಬಗೆ ಸರಳ. ಪದಗಳನ್ನು ಒಂದೊಂದಾಗಿ ಇಡುತ್ತಾ, ಪ್ರತಿಯೊಂದರ ಅಗಲವನ್ನೂ ಕೂಡಿಸುತ್ತಾ ಹೋಗುತ್ತದೆ. ಮುಂದಿನ ಪದ ಹಿಡಿಸುವುದಿಲ್ಲ ಎಂದಾದಾಗ ಹಿಂದಿನ ಸ್ಪೇಸ್‌ಗೆ ಮರಳಿ, ಅಲ್ಲಿಂದ ಹೊಸ ಸಾಲು ಶುರು ಮಾಡುತ್ತದೆ. ಅಂದರೆ ಸ್ಪೇಸ್ ಎಂಬುದು ಪದಗಳ ನಡುವಿನ ಬಿಡುವು ಮಾತ್ರವಲ್ಲ, ಇಲ್ಲಿ ಮುರಿಯಬಹುದು ಎಂಬ ಪರವಾನಗಿಯೂ ಹೌದು. ಎಲ್ಲ ಭಾಷೆಗಳಿಗೂ ಈ ಅನುಕೂಲವಿಲ್ಲ. ಥಾಯ್, ಖ್ಮೇರ್, ಬರ್ಮಾದ ಬರಹಗಳಲ್ಲಿ ಪದಗಳ ನಡುವೆ ಬಿಡುವು ಕೊಡುವ ರೂಢಿಯೇ ಇಲ್ಲದ್ದರಿಂದ ಯಂತ್ರ ಒಳಗೊಂದು ನಿಘಂಟು ಇಟ್ಟುಕೊಂಡು ಪದ ಎಲ್ಲಿ ಮುಗಿಯಿತೆಂದು ಊಹಿಸಬೇಕು. ಚೀನೀ, ಜಪಾನಿ ಬರಹಗಳಲ್ಲಿ ಬಹುತೇಕ ಯಾವ ಅಕ್ಷರದ ನಂತರವಾದರೂ ಮುರಿಯಬಹುದು, ಪೂರ್ಣವಿರಾಮದಂಥ ಚಿಹ್ನೆ ಮಾತ್ರ ಸಾಲಿನ ಮೊದಲಿಗೆ ಬರಬಾರದು. ಯಾವ ಲಿಪಿಯಲ್ಲಿ ಎಲ್ಲಿ ಮುರಿಯಬಹುದು, ಎಲ್ಲಿ ಮುರಿಯಬಾರದು ಎಂಬುದಕ್ಕೆ ಯೂನಿಕೋಡ್ ಒಂದು ಪ್ರತ್ಯೇಕ ನಿಯಮಾವಳಿಯನ್ನೇ ಇಟ್ಟಿದೆ.

ಈ ಕೆಲಸವನ್ನು ಮೊದಲು ಮನುಷ್ಯರೇ ಮಾಡುತ್ತಿದ್ದರು. ತಾಲ್ಲೂಕು ಕಚೇರಿಯ ಎದುರಿನ ಟೈಪಿಂಗ್ ಅಂಗಡಿಯಲ್ಲಿ ಕೂತವರಿಗೆ ನೆನಪಿರಬಹುದು. ಬಲ ಅಂಚಿಗೆ ಕೆಲವೇ ಅಕ್ಷರ ಬಾಕಿ ಇದೆ ಎನ್ನುವಾಗ ಟೈಪ್‌ರೈಟರ್ ಟಿಣ್ ಎಂದು ಗಂಟೆ ಬಾರಿಸುತ್ತಿತ್ತು. ಟೈಪಿಸ್ಟ್ ಆ ಸದ್ದು ಕೇಳಿದ ಕ್ಷಣದಲ್ಲೇ, ಬೆರಳು ನಿಲ್ಲಿಸದೆ, ಮುಂದಿನ ಪದ ಹಿಡಿಸುತ್ತದೆಯೋ ಇಲ್ಲವೋ ಎಂದು ಅಳೆದು, ಎಡಗೈಯಿಂದ ಸನ್ನೆ ತಳ್ಳಿ ಕ್ಯಾರೇಜನ್ನು ಮೊದಲಿಗೆ ಒಯ್ಯುತ್ತಿದ್ದರು. ಆ ಒಂದು ತಳ್ಳಿನಲ್ಲಿ ಎರಡು ಕೆಲಸ ಆಗುತ್ತಿತ್ತು. ಕ್ಯಾರೇಜ್ ಸಾಲಿನ ಆರಂಭಕ್ಕೆ ಬರುತ್ತಿತ್ತು, ಕಾಗದ ಒಂದು ಸಾಲು ಮೇಲೆ ಸರಿಯುತ್ತಿತ್ತು. ಕಂಪ್ಯೂಟರ್ ಈ ಎರಡನ್ನೂ ಎರಡು ಬೇರೆ ಸಂಕೇತಗಳನ್ನಾಗಿ ಉಳಿಸಿಕೊಂಡಿತು. ವಿಂಡೋಸ್ ಇಂದಿಗೂ ಸಾಲಿನ ಕೊನೆಗೆ ಎರಡೂ ಸಂಕೇತ ಹಾಕುತ್ತದೆ. ಯೂನಿಕ್ಸ್, ಲಿನಕ್ಸ್‌ಗಳಿಗೆ ಕಾಗದ ಸರಿಸುವ ಸಂಕೇತ ಒಂದೇ ಸಾಕು. ಲಿನಕ್ಸ್‌ನಲ್ಲಿ ಬರೆದ ಕಡತವನ್ನು ವಿಂಡೋಸ್‌ನ ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಎಲ್ಲ ಸಾಲುಗಳೂ ಒಂದಕ್ಕೊಂದು ಅಂಟಿಕೊಂಡು ಕಾಣುತ್ತಿದ್ದದ್ದು ಇದರಿಂದಲೇ. 2018ರಲ್ಲಷ್ಟೇ ನೋಟ್‌ಪ್ಯಾಡ್ ಅದನ್ನು ಸರಿಯಾಗಿ ಓದಲು ಕಲಿತದ್ದು.

ಇನ್ನು ಸಾಲಿನ ಉದ್ದ. ಹಳೆಯ ಕಂಪ್ಯೂಟರ್ ಪರದೆಗಳಲ್ಲಿ ಒಂದು ಸಾಲಿಗೆ 80 ಅಕ್ಷರ ಎಂಬ ಲೆಕ್ಕ ಹೇಗೆ ಬಂತು ಎಂದು ಹುಡುಕಿದರೆ ಒಂದು ರಟ್ಟಿನ ತುಂಡಿಗೆ ಹೋಗಿ ನಿಲ್ಲುತ್ತೇವೆ. ಐಬಿಎಂ 1928ರಲ್ಲಿ ತಂದ ತೂತು ಕಾರ್ಡಿನಲ್ಲಿ 80 ಕಂಬಸಾಲುಗಳಿದ್ದವು, ಒಂದೊಂದರಲ್ಲಿ ಒಂದು ಅಕ್ಷರ ಇಲ್ಲವೇ ಅಂಕಿ. ಬ್ಯಾಂಕು, ಜನಗಣತಿ, ರೈಲ್ವೆ, ಸಂಬಳದ ಲೆಕ್ಕ ಎಲ್ಲವೂ ದಶಕಗಳ ಕಾಲ ಆ ಕಾರ್ಡುಗಳ ಮೇಲೆಯೇ ನಡೆಯಿತು. ಕಾರ್ಡು ಹೋಗಿ ಪರದೆ ಬಂದಾಗ, ಒಂದು ಕಾರ್ಡು ಒಂದು ಸಾಲಿನಲ್ಲಿ ಹಿಡಿಸಲಿ ಎಂದು ಪರದೆಗೂ 80ರ ಅಗಲವೇ ಗಟ್ಟಿಯಾಯಿತು. 1978ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ತಂದ ವಿಟಿ100 ಎಂಬ ಟರ್ಮಿನಲ್‌ನಲ್ಲಿ 80 ಅಕ್ಷರದ 24 ಸಾಲು ಇದ್ದವು. ಇವತ್ತಿನ ಕಂಪ್ಯೂಟರಿನಲ್ಲೂ ಕಪ್ಪು ಕಿಟಕಿಯ ಟರ್ಮಿನಲ್ ತೆರೆದರೆ ಹೆಚ್ಚಿನ ಕಡೆ ಅದೇ 80, ಅದೇ 24. ಪೈಥಾನ್ ಭಾಷೆಯ ಶೈಲಿ ಕೈಪಿಡಿ ಒಂದು ಸಾಲಿಗೆ 79 ಅಕ್ಷರ ಸಾಕೆನ್ನುತ್ತದೆ. ಇಮೇಲ್‌ನ ನಿಯಮ 78 ದಾಟದಿದ್ದರೆ ಒಳ್ಳೆಯದೆನ್ನುತ್ತದೆ. ಹತ್ತಿರ ಹತ್ತಿರ ನೂರು ವರ್ಷದ ಹಿಂದಿನ ರಟ್ಟಿನ ಅಳತೆ ಇದು.

ಎಲ್ಲರೂ ಆ ಅಳತೆಯಲ್ಲಿ ಇರಲಿಲ್ಲ ಎನ್ನುವುದೂ ನಿಜ. 1963ರ ಟೆಲಿಟೈಪ್ ಮಾಡೆಲ್ 33 ಯಂತ್ರ ಸಾಲಿಗೆ 72 ಅಕ್ಷರ ಹೊಡೆಯುತ್ತಿತ್ತು. ಮನೆಯ ಟಿ.ವಿ.ಗೆ ಜೋಡಿಸಿ ಬಳಸುತ್ತಿದ್ದ ಮೊದಲ ಮನೆ-ಕಂಪ್ಯೂಟರ್‌ಗಳ ಪಾಡು ಇನ್ನೂ ಇಕ್ಕಟ್ಟಿನದು. ಟಿ.ವಿ. ಪರದೆಯಲ್ಲಿ ಸಣ್ಣ ಅಕ್ಷರ ಮಸುಕಾಗುತ್ತಿದ್ದರಿಂದ ಆ್ಯಪಲ್ 2ರಲ್ಲಿ ಸಾಲಿಗೆ 40 ಅಕ್ಷರ, ಕಮೊಡೋರ್ ಸಂಸ್ಥೆಯ ವಿಕ್-20ಯಲ್ಲಿ ಬರೀ 22. ಒಂದು ಯಂತ್ರದಲ್ಲಿ ಬರೆದದ್ದು ಇನ್ನೊಂದರಲ್ಲಿ ಅಂದವಾಗಿ ಕಾಣದಿರುವ ಕಷ್ಟ ಮೊಬೈಲ್ ಬಂದ ಮೇಲೆ ಹುಟ್ಟಿದ್ದಲ್ಲ.

ಟೈಪಿಸ್ಟರ ಗಂಟೆಯ ಕೆಲಸವನ್ನು ಯಂತ್ರವೇ ವಹಿಸಿಕೊಂಡದ್ದು ವರ್ಡ್ ಪ್ರೊಸೆಸರ್‌ಗಳ ಕಾಲದಲ್ಲಿ. 1978ರ ವರ್ಡ್‌ಸ್ಟಾರ್ ಆಗಿನ ಜನಪ್ರಿಯ ತಂತ್ರಾಂಶ. ಅದರಲ್ಲಿ ಟೈಪ್ ಮಾಡುತ್ತಾ ಹೋದರೆ ಸಾಲು ತಾನಾಗಿ ತಿರುಗುತ್ತಿತ್ತು. ಅದರ ಒಂದು ವಿವರ ನನಗೆ ತುಂಬಾ ಇಷ್ಟ. ಬರೆಯುವವರೇ ಎಂಟರ್ ಒತ್ತಿದ ಸಾಲಿಗೆ ಮಾತ್ರ ಪರದೆಯ ಬಲತುದಿಯಲ್ಲಿ ಒಂದು ಕೋನದ ಗುರುತು ಕಾಣುತ್ತಿತ್ತು. ಯಂತ್ರ ತಿರುಗಿಸಿದ ಸಾಲಿನ ತುದಿ ಖಾಲಿ. ಇದು ನಿನ್ನ ನಿರ್ಧಾರ, ಅದು ನನ್ನದು ಎಂದು ಯಂತ್ರ ಸ್ಪಷ್ಟವಾಗಿ ಬೇರ್ಪಡಿಸಿ ತೋರಿಸುತ್ತಿತ್ತು. ಇವತ್ತಿನ ವರ್ಡ್‌ನಲ್ಲೂ ಪ್ಯಾರಾ ಚಿಹ್ನೆಯ ಗುಂಡಿ ಒತ್ತಿದರೆ ಆ ಗುರುತುಗಳು ಕಾಣುತ್ತವೆ, ಆದರೆ ಒತ್ತುವವರು ವಿರಳ. ಶಾಲೆಗಳಲ್ಲಿ ಕಂಪ್ಯೂಟರ್ ಪಾಠ ಹೇಳುವಾಗ ಮೊದಲ ದಿನವೇ ಈ ಗುಂಡಿ ತೋರಿಸಿದರೆ, ಮೇಲಿನ ಪ್ರಕಟಣೆಯಂಥವು ಅರ್ಧಕ್ಕರ್ಧ ಕಡಿಮೆಯಾಗುತ್ತವೆ.

ಸಾಲು ಎಷ್ಟು ಉದ್ದ ಇರಬೇಕು ಎಂಬುದು ಯಂತ್ರದ ಪ್ರಶ್ನೆಯಲ್ಲ, ಕಣ್ಣಿನದು. ಓದುವಾಗ ಕಣ್ಣು ಸಾಲಿನ ಮೇಲೆ ಜಾರುತ್ತಾ ಹೋಗುವುದಿಲ್ಲ. ಸಣ್ಣ ಸಣ್ಣ ಜಿಗಿತಗಳಲ್ಲಿ ಸಾಗುತ್ತದೆ, ಪ್ರತಿ ಜಿಗಿತದ ನಡುವೆ ಒಂದರೆಗಳಿಗೆ ನಿಲ್ಲುತ್ತದೆ. ಸಾಲಿನ ಕೊನೆ ಮುಟ್ಟಿದಾಗ ಒಂದೇ ದೊಡ್ಡ ಜಿಗಿತದಲ್ಲಿ ಕೆಳಗಿನ ಸಾಲಿನ ಆರಂಭಕ್ಕೆ ಮರಳಬೇಕು. ಈ ಮರುಜಿಗಿತ ಅನೇಕ ಬಾರಿ ಗುರಿಗಿಂತ ಸ್ವಲ್ಪ ಹಿಂದೆಯೇ ಬಿದ್ದು, ಕಣ್ಣು ತನ್ನನ್ನು ತಾನು ತಿದ್ದಿಕೊಳ್ಳುತ್ತದೆ. ಸಾಲು ತೀರಾ ಉದ್ದವಾದರೆ ಅದು ತಪ್ಪು ಸಾಲಿಗೆ ಇಳಿಯುತ್ತದೆ. ಓದಿದ್ದನ್ನೇ ಮತ್ತೆ ಓದುತ್ತೇವೆ, ಇಲ್ಲವೇ ಒಂದು ಸಾಲು ಹಾರಿಸುತ್ತೇವೆ. ತೀರಾ ಗಿಡ್ಡವಾದರೆ ಮರುಜಿಗಿತಗಳೇ ಹೆಚ್ಚಾಗಿ ಓದಿನ ಲಯ ಕೆಡುತ್ತದೆ. ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳಾದ ಡೊನಾಲ್ಡ್ ಪ್ಯಾಟರ್ಸನ್ ಮತ್ತು ಮೈಲ್ಸ್ ಟಿಂಕರ್ ಕಂಪ್ಯೂಟರ್ ಪರದೆ ಹುಟ್ಟುವ ಮೊದಲೇ, ಅಚ್ಚಾದ ಪುಟಗಳನ್ನು ಓದಿಸಿ ಇದನ್ನು ಪರೀಕ್ಷಿಸಿದ್ದರು. ಕೆನಡಾದ ಮುದ್ರಣ ವಿನ್ಯಾಸಕಾರ, ಕವಿ ರಾಬರ್ಟ್ ಬ್ರಿಂಗ್‌ಹರ್ಸ್ಟ್ ಸಾಲಿಗೆ 45ರಿಂದ 75 ಅಕ್ಷರ ಹಿತ, 66 ಅತ್ಯುತ್ತಮ ಎಂದು ಬರೆದದ್ದನ್ನು ಇಂದಿನ ಅನೇಕ ವೆಬ್ ವಿನ್ಯಾಸಕಾರರು ಒಪ್ಪಿಕೊಂಡಿದ್ದಾರೆ.

ಆದರೆ ಆ 66 ರೋಮನ್ ಲಿಪಿಯ ಲೆಕ್ಕ, ಸ್ಪೇಸ್‌ಗಳನ್ನೂ ಸೇರಿಸಿ ಎಣಿಸಿದ್ದು. ಕನ್ನಡಕ್ಕೆ ಅದನ್ನು ಹಾಗೆಯೇ ಹೊರಿಸಲಾಗದು. ನಿಮ್ಮ ಕಪಾಟಿನಿಂದ ಡೆಮಿ 1/8 ಆಕಾರದ ಯಾವುದಾದರೂ ಕನ್ನಡ ಕಾದಂಬರಿ ತೆಗೆದು ಒಂದು ಸಾಲು ಎಣಿಸಿ ನೋಡಿ. ಏಳೆಂಟು ಪದ, ಮೂವತ್ತರ ಆಸುಪಾಸು ಅಕ್ಷರ ಸಿಗುತ್ತದೆ. ನಮ್ಮ ಮುದ್ರಕರು ತಲೆಮಾರುಗಳಿಂದ ಕಣ್ಣಳತೆಯಲ್ಲೇ ಕಂಡುಕೊಂಡ ಹದ ಇದು, ಬಹಳ ಒಳ್ಳೆಯ ಹದ. ಕನ್ನಡದ ಒಂದು ಅಕ್ಷರದಲ್ಲಿ ವ್ಯಂಜನ, ಒತ್ತು, ಸ್ವರ ಎಲ್ಲ ತುಂಬಿಕೊಂಡಿರುವುದರಿಂದ ಮೂವತ್ತೇ ಅಕ್ಷರ ಇಂಗ್ಲಿಷಿನ ಒಂದು ಪೂರ್ಣ ಸಾಲಿನಷ್ಟು ಮಾತು ಹೊರುತ್ತವೆ. ಅದೇ ಬರಹವನ್ನು ಅಗಲವಾದ ಮೇಜು ಪರದೆಯ ಮೇಲೆ ಈ ತುದಿಯಿಂದ ಆ ತುದಿಯವರೆಗೂ ಹರಿಯಬಿಟ್ಟ ತಾಣಗಳಿವೆ. ಒಂದು ಸಾಲು ಮುಗಿಸುವಷ್ಟರಲ್ಲಿ ಕತ್ತು ತಿರುಗಿಸಬೇಕಾಗುತ್ತದೆ. ಪರದೆ ಅಗಲವಾಗಿದೆ ಎಂದ ಮಾತ್ರಕ್ಕೆ ಸಾಲೂ ಅಷ್ಟೇ ಅಗಲವಿರಬೇಕಿಲ್ಲ, ಎರಡೂ ಬದಿ ಜಾಗ ಖಾಲಿ ಬಿಡಬಹುದು.

ಕನ್ನಡದ ಕಷ್ಟ ಅಳತೆಯಲ್ಲಿ ಮುಗಿಯುವುದಿಲ್ಲ. 80ರ ಅಳತೆ ಹುಟ್ಟಿದ್ದು ಪ್ರತಿ ಅಕ್ಷರಕ್ಕೂ ಒಂದೇ ಅಗಲದ ಮನೆ ಎಂಬ ಲೆಕ್ಕಾಚಾರದಲ್ಲಿ. ರೋಮನ್ ಲಿಪಿ ಅದಕ್ಕೆ ಹೇಗೋ ಒಗ್ಗಿತು. ನಮ್ಮ ‘ರ’ಕ್ಕೂ ‘ಮೋ’ಗೂ ಅಗಲದಲ್ಲಿ ಎಷ್ಟು ವ್ಯತ್ಯಾಸ ಎಂದು ನೋಡಿ. ಮೇಲಾಗಿ ಒತ್ತಕ್ಷರಗಳು ಕೆಳಕ್ಕೆ ಇಳಿಯುತ್ತವೆ, ‘ಸ್ತ್ರೀ’ಯಲ್ಲಂತೂ ಒತ್ತಿನ ಜೊತೆ ಒತ್ತು. ಇಂಗ್ಲಿಷಿಗೆ ಹೊಂದಿಸಿದ ಸಾಲಿನ ಅಂತರದಲ್ಲಿ ಕನ್ನಡವನ್ನು ಕೂರಿಸಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಫಾಂಟ್ ಬದಲಾದರೂ ಸಾಲು ಬದಲಾಗುತ್ತದೆ. ವಿಂಡೋಸ್‌ನಲ್ಲಿ ಬಹುಕಾಲ ಇದ್ದ ತುಂಗಾ ಫಾಂಟಿನಲ್ಲಿ ಹಿಡಿಸಿದ ಸಾಲು ನೋಟೋ ಕನ್ನಡದಲ್ಲಿ ಹಿಡಿಸಲಿಕ್ಕಿಲ್ಲ.

ಇನ್ನೂ ಒಳಗೆ ಹೋಗೋಣ. ‘ವಿದ್ಯಾರ್ಥಿ’ ಎಂಬ ಪದದಲ್ಲಿ ನಮ್ಮ ಕಣ್ಣಿಗೆ, ಕಿವಿಗೆ, ಪ್ರಾಥಮಿಕ ಶಾಲೆಯ ಮಗುವಿಗೆ ಇರುವುದು ಮೂರು ಅಕ್ಷರ: ವಿ, ದ್ಯಾ, ರ್ಥಿ. ಕಂಪ್ಯೂಟರಿನ ಒಳಗೆ ಅದು ಹತ್ತು ಸಂಕೇತ. ವ, ಇಕಾರದ ಗುಡಿಸು, ದ, ಅದರ ಸ್ವರ ತೆಗೆಯುವ ಹಲಂತ, ಯ, ದೀರ್ಘ, ರ, ಮತ್ತೊಂದು ಹಲಂತ, ಥ, ಮತ್ತೊಂದು ಗುಡಿಸು. ಮೊಬೈಲ್ ಸಂದೇಶದಲ್ಲಿ ಇಂಗ್ಲಿಷಿಗೆ 160 ಅಕ್ಷರ ಸಿಕ್ಕರೆ ಕನ್ನಡಕ್ಕೆ 70 ಸಂಕೇತ ಮಾತ್ರ. ಅದರಲ್ಲಿ ಹತ್ತನ್ನು ಈ ಒಂದು ಪದವೇ ನುಂಗುತ್ತದೆ. ಪದವನ್ನು ಎಲ್ಲಿ ತುಂಡು ಮಾಡಬೇಕು ಎಂಬ ಪ್ರಶ್ನೆ ಬಂದಾಗ ಅಕ್ಷರ ಎಣಿಸುವ ಬದಲು ಸಂಕೇತ ಎಣಿಸುವ ತಂತ್ರಾಂಶ ‘ವಿದ್’ ಎಂದು ಒಂದು ಕಡೆ, ‘ಯಾರ್ಥಿ’ ಎಂದು ಇನ್ನೊಂದು ಕಡೆ ಬಿಸಾಡುತ್ತದೆ. ಗುಡಿಸೋ ದೀರ್ಘವೋ ಮಾತ್ರ ಹೊಸ ಸಾಲಿಗೆ ಹೋಗಿ ಬಿದ್ದರೆ ಅದಕ್ಕೆ ಆಸರೆಯೇ ಇಲ್ಲದೆ, ಚುಕ್ಕಿಗಳ ಒಂದು ವೃತ್ತದ ಪಕ್ಕ ನೇತಾಡುವುದನ್ನು ಕಾಣುತ್ತೇವೆ. ಗುಡಿಸು, ದೀರ್ಘಗಳನ್ನು ಅವುಗಳ ವ್ಯಂಜನದಿಂದ ಬೇರ್ಪಡಿಸಬಾರದು ಎಂಬ ನಿಯಮ ಯೂನಿಕೋಡ್‌ನಲ್ಲಿದೆ, ಬ್ರೌಸರ್‌ಗಳು ಸಾಮಾನ್ಯವಾಗಿ ಅದನ್ನು ಪಾಲಿಸುತ್ತವೆ. ಅಷ್ಟು ಕಾಳಜಿ ಇಲ್ಲದೆ, ಇಂಗ್ಲಿಷ್ ಒಂದನ್ನೇ ಮನಸ್ಸಿನಲ್ಲಿಟ್ಟು ಬರೆದ ಆ್ಯಪ್‌ಗಳಲ್ಲಿ ಈ ಅಂಗಭಂಗ ನಡೆಯುತ್ತಲೇ ಇದೆ.

ಅಕ್ಷರದ ಗಡಿ ಗೊತ್ತಿದ್ದರೆ ಮಾತ್ರ ಕನ್ನಡ ಪದವನ್ನು ಮುರಿಯುವುದು ಇಂಗ್ಲಿಷಿಗಿಂತ ಎಷ್ಟೋ ಸುಲಭ. ಇಂಗ್ಲಿಷಿನಲ್ಲಿ ಪದವನ್ನು ತಪ್ಪು ಜಾಗದಲ್ಲಿ ಮುರಿದರೆ ಉಚ್ಚಾರವೇ ಬೇರೆಯಾಗುತ್ತದೆ. ಅಲ್ಲಿ ಯಂತ್ರಕ್ಕೆ ಇದನ್ನು ಕಲಿಸಲು 1983ರಲ್ಲಿ ಫ್ರಾಂಕ್ ಲಿಯಾಂಗ್ ಸ್ಟ್ಯಾನ್‌ಫರ್ಡ್‌ನಲ್ಲಿ ಒಂದು ಡಾಕ್ಟರೇಟ್ ಪ್ರಬಂಧವನ್ನೇ ಬರೆಯಬೇಕಾಯಿತು. ಕನ್ನಡದಲ್ಲಿ ಪ್ರತಿ ಅಕ್ಷರವೂ ಪೂರ್ತಿ ಉಚ್ಚಾರ. ಅಕ್ಷರದ ಒಳಗೆ ಕೈ ಹಾಕದಿದ್ದರೆ ಎಲ್ಲಿ ಮುರಿದರೂ ಓದು ಎಡವುವುದಿಲ್ಲ. ನಮ್ಮ ಹಿಂದಿನವರು ಇದನ್ನು ಧಾರಾಳವಾಗಿ ಬಳಸಿಕೊಂಡಿದ್ದರು. ಹಾಸನ ಜಿಲ್ಲೆಯ ಹಲ್ಮಿಡಿ ಶಾಸನದ 16 ಸಾಲುಗಳಲ್ಲಿ ಪದಗಳ ನಡುವೆ ಬಿಡುವಿಲ್ಲ. ಕಲ್ಲು ಮುಗಿದಲ್ಲಿ ಸಾಲು ಮುಗಿಯುತ್ತದೆ, ಪದ ಮುಂದಿನ ಸಾಲಿಗೆ ಹರಿಯುತ್ತದೆ. ತಾಳೆಗರಿಯಲ್ಲೂ ಹಾಗೆಯೇ, ಗರಿಯ ಉದ್ದಕ್ಕೂ ಸಾಲು ಓಡುತ್ತದೆ, ದಾರ ಪೋಣಿಸುವ ತೂತು ಅಡ್ಡ ಬಂದರೆ ಅದನ್ನು ಬಳಸಿ ಮುಂದೆ ಸಾಗುತ್ತದೆ. ಕಂಡರಿಸುವವನಿಗೂ ಲಿಪಿಕಾರನಿಗೂ ಒಡೆಯಬಾರದ ಘಟಕ ಅಕ್ಷರ, ಪದವಲ್ಲ. ಪದವನ್ನು ಒಡೆಯಬಾರದೆಂಬ ಕಟ್ಟುಪಾಡು ನಮಗೆ ಬಂದದ್ದು ಅಚ್ಚಿನ ಮೊಳೆಗಳ ಜೊತೆಗೆ.

ಇದು ಹಳೆಯ ಕಥೆ ಎಂದು ಬಿಡುವಂತಿಲ್ಲ, ಏಕೆಂದರೆ ಕನ್ನಡದ ಪದಗಳು ಉದ್ದ. ಪ್ರತ್ಯಯದ ಮೇಲೆ ಪ್ರತ್ಯಯ, ಸಂಧಿಯ ಮೇಲೆ ಸಂಧಿ ಕೂಡಿ ‘ಮಾಡಬೇಕಾಗಿರುವುದರಿಂದ’, ‘ಬಂದಿದ್ದವರೆಲ್ಲರಿಗೂ’ ಎಂಬಂಥವು ದಿನನಿತ್ಯದ ಮಾತು. ದಿನಪತ್ರಿಕೆಯ ಒಂದು ಕಾಲಂ ಸಾಲಿನಲ್ಲಿ ಮೂರೋ ನಾಲ್ಕೋ ಪದ ಕೂರುತ್ತವೆ. ಎರಡೂ ಅಂಚು ಸಮ ಇರಬೇಕೆಂದು ಪಟ್ಟು ಹಿಡಿದರೆ, ಉದ್ದದ ಪದವೊಂದು ಕೆಳಗಿಳಿದ ಕೂಡಲೇ ಉಳಿದ ಎರಡು ಪದಗಳ ನಡುವೆ ಕೈ ತೂರುವಷ್ಟು ಬಯಲು ಬಿಡುತ್ತದೆ. ಫೋನಿನ ಪರದೆಯೂ ಕಾಲಂನಷ್ಟೇ ಕಿರಿದು. ಅದಕ್ಕೆ ಮದ್ದು ಎರಡು: ಬಲ ಅಂಚನ್ನು ಸಮ ಮಾಡುವ ಹಟ ಬಿಡುವುದು, ಇಲ್ಲವೇ ಅಕ್ಷರದ ಗಡಿಯಲ್ಲಿ ಅಡ್ಡಗೆರೆ ಹಾಕಿ ಪದ ಮುರಿಯುವುದು. ಎರಡನೆಯದನ್ನು ಯಂತ್ರ ಮಾಡಲಿ ಎಂದು ಕೇರಳದ ತಂತ್ರಜ್ಞ ಸಂತೋಷ್ ತೊಟ್ಟಿಂಗಲ್ ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಿಗೆ ನಿಯಮಗಳನ್ನು ಬರೆದುಕೊಟ್ಟಿದ್ದಾರೆ. ಫೈರ್‌ಫಾಕ್ಸ್‌ನಂಥ ಬ್ರೌಸರ್‌ಗೆ ಕನ್ನಡ ಪದ ಮುರಿಯಲು ಬರುತ್ತದೆ. ಪುಟದ ಭಾಷೆ ಕನ್ನಡ ಎಂದೂ, ಪದ ಮುರಿಯಬಹುದು ಎಂದೂ ಪುಟ ತಯಾರಿಸಿದವರು ನಮೂದಿಸಿರಬೇಕು, ಅಷ್ಟೇ. ಕನ್ನಡ ತಾಣಗಳನ್ನು ತೆರೆದು ಒಳಗಿನ ಸಂಕೇತ ನೋಡಿದರೆ ಭಾಷೆ ಇಂಗ್ಲಿಷ್ ಎಂದೇ ಉಳಿದಿರುವುದು ಎಷ್ಟೋ ಕಡೆ ಕಾಣಿಸುತ್ತದೆ. ಆ ತಪ್ಪು ಒಂದು ಪದ ತಿದ್ದಿದರೆ ಸರಿಹೋಗುತ್ತದೆ.

ಒಂದೊಂದು ಸಾಲನ್ನೇ ನೋಡಿ ಮುರಿಯುವ ಬದಲು ಇಡೀ ಪ್ಯಾರಾವನ್ನು ಒಟ್ಟಿಗೆ ನೋಡಿ, ಎಲ್ಲ ಸಾಲುಗಳೂ ಹದವಾಗುವಂತೆ ಮುರಿಯುವ ವಿಧಾನವೂ ಇದೆ. ಡೊನಾಲ್ಡ್ ಕ್ನೂತ್ ಮತ್ತು ಮೈಕಲ್ ಪ್ಲಾಸ್ 1981ರಲ್ಲಿ ಪ್ರಕಟಿಸಿದ ಈ ವಿಧಾನದಲ್ಲೇ ಟೆಕ್ ಎಂಬ ಅಚ್ಚುಜೋಡಣೆಯ ತಂತ್ರಾಂಶ ಗಣಿತದ ಪುಸ್ತಕಗಳನ್ನು ಕಟ್ಟುತ್ತದೆ. ಬ್ರೌಸರ್‌ಗಳು ಆ ದಿಕ್ಕಿಗೆ ಹೆಜ್ಜೆ ಇಟ್ಟದ್ದು ತೀರಾ ಈಚೆಗೆ, 2023ರಲ್ಲಿ.

ಸಾಲು ತಿರುಗಿಸುವುದಕ್ಕೆ ಬದಲಾಗಿ ಸಾಲನ್ನು ಕತ್ತರಿಸಿ ಮೂರು ಚುಕ್ಕಿ ಇಡುವ ಅಭ್ಯಾಸ ಮಾತ್ರ ಕನ್ನಡಕ್ಕೆ ನಿಜಕ್ಕೂ ಅಪಾಯಕಾರಿ. ಫೋನಿನ ನೆತ್ತಿಯ ಮೇಲೆ ಇಣುಕುವ ಸುದ್ದಿಯ ಸೂಚನೆಗಳು ಹೀಗೆ ಒಂದೇ ಸಾಲಿಗೆ ಕತ್ತರಿಸಿಕೊಂಡು ಬರುತ್ತವೆ. ಮಳೆಗಾಲದ ಒಂದು ಸಂಜೆ ಹೀಗೊಂದು ಸೂಚನೆ ಬಂತೆನ್ನಿ:

ನಾಳೆ ಜಿಲ್ಲೆಯ ಶಾಲಾ ಕಾಲೇಜುಗಳಿಗೆ ರಜೆ ಇರು…

ಇರುತ್ತದೆಯೋ, ಇರುವುದಿಲ್ಲವೋ? ಇಂಗ್ಲಿಷಿನಲ್ಲಿ ‘ಇಲ್ಲ’ ಎಂಬ ಮಾತು ಸಾಮಾನ್ಯವಾಗಿ ವಾಕ್ಯದ ಮುಂಭಾಗದಲ್ಲೇ ಬಂದುಬಿಡುತ್ತದೆ, ಬಾಲ ಕತ್ತರಿಸಿದರೂ ತಿರುಳು ಉಳಿಯುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ, ಆ ಕ್ರಿಯಾಪದದಲ್ಲೂ ಹೌದು ಅಲ್ಲ ಎಂಬುದು ಕೊಟ್ಟಕೊನೆಯ ಒಂದೆರಡು ಅಕ್ಷರಗಳಲ್ಲಿ. ಹಣ ‘ಮರಳಿಸಲಾಗುವುದು’, ‘ಮರಳಿಸಲಾಗುವುದಿಲ್ಲ’ ಎರಡಕ್ಕೂ ಮೊದಲ ಏಳು ಅಕ್ಷರ ಒಂದೇ. ಬ್ಯಾಂಕು, ಆಸ್ಪತ್ರೆ, ಪರೀಕ್ಷೆ, ಪ್ರವಾಹದ ಎಚ್ಚರಿಕೆ ಇಂಥವುಗಳಿಗೆ ಕನ್ನಡ ಪರದೆ ರೂಪಿಸುವವರು ಸಾಲನ್ನು ಎರಡಾಗಿ ಮೂರಾಗಿ ಮಡಿಸಲಿ, ದಯವಿಟ್ಟು ಕತ್ತರಿಸದಿರಲಿ. ಜಾಗ ಇಲ್ಲವೇ ಇಲ್ಲ ಎಂದಾದರೆ ಬರೆಯುವವರು ‘ನಾಳೆ ರಜೆ ಇಲ್ಲ’ ಎಂದು ಮೊದಲ ಮೂರು ಪದದಲ್ಲೇ ವಿಷಯ ಮುಗಿಸುವುದನ್ನು ರೂಢಿಸಿಕೊಳ್ಳಬೇಕು.

ಮುರಿಯಲು ಅವಕಾಶವಿದ್ದರೂ ಮುರಿಯಬಾರದ ಜಾಗಗಳೂ ಇವೆ. ‘ರೂ.’ ಒಂದು ಸಾಲಿನ ಕೊನೆಯಲ್ಲಿ, ‘500’ ಮುಂದಿನ ಸಾಲಿನ ಮೊದಲಲ್ಲಿ. ‘ದ. ರಾ.’ ಮೇಲೆ ಉಳಿದು ‘ಬೇಂದ್ರೆ’ ಕೆಳಗೆ. ಇದಕ್ಕೆಂದೇ ಮುರಿಯದ ಸ್ಪೇಸ್ ಒಂದಿದೆ. ನೋಡಲು ಮಾಮೂಲಿ ಸ್ಪೇಸ್, ಆದರೆ ಅಲ್ಲಿ ಸಾಲು ತಿರುಗುವುದಿಲ್ಲ. ವರ್ಡ್‌ನಲ್ಲಿ ಕಂಟ್ರೋಲ್, ಶಿಫ್ಟ್ ಎರಡನ್ನೂ ಹಿಡಿದು ಸ್ಪೇಸ್ ಒತ್ತಿದರೆ ಸಿಗುತ್ತದೆ. ‘ದ.ರಾ.ಬೇಂದ್ರೆ’ ಎಂದು ಬಿಡುವಿಲ್ಲದೆ ಬರೆದರೂ ಆದೀತು, ಯಂತ್ರ ಅದನ್ನು ಒಂದೇ ಪದದಂತೆ ಎತ್ತಿಕೊಂಡು ಹೋಗುತ್ತದೆ.

ಫೋನಿಗೆ ವೆಬ್ ಪುಟ ಬಂದ ಬಗೆಯನ್ನೂ ಹೇಳಬೇಕು. 2007ರಲ್ಲಿ ಮೊದಲ ಐಫೋನ್ ಬಂದಾಗ ಆಗಿನ ತಾಣಗಳೆಲ್ಲ ಮೇಜು ಕಂಪ್ಯೂಟರಿನ ಅಗಲಕ್ಕೆ ಕಟ್ಟಿದ್ದವು. ಫೋನು ತನ್ನ ಅಗಲ 980 ಪಿಕ್ಸೆಲ್ ಎಂದು ತಾಣಕ್ಕೆ ಹೇಳಿಕೊಂಡು, ಬಂದ ಪುಟವನ್ನು ಕುಗ್ಗಿಸಿ ತೋರಿಸುತ್ತಿತ್ತು. ಇರುವೆಯಂಥ ಅಕ್ಷರವನ್ನು ಎರಡು ಬೆರಳಲ್ಲಿ ಹಿಗ್ಗಿಸಿ, ಸಾಲಿನುದ್ದಕ್ಕೂ ಎಡಕ್ಕೆ ಬಲಕ್ಕೆ ಎಳೆದಾಡಿ ಓದಬೇಕಿತ್ತು. ಪರದೆಯ ಅಗಲ ನೋಡಿ ಪುಟವೇ ತನ್ನನ್ನು ಹೊಂದಿಸಿಕೊಳ್ಳುವ ವಿನ್ಯಾಸವನ್ನು 2010ರಲ್ಲಿ ಈಥನ್ ಮಾರ್ಕಾಟ್ ವಿವರಿಸಿದ ಮೇಲೆ ಈ ಸ್ಥಿತಿ ಬದಲಾಯಿತು. ವೆಬ್‌ನ ಮಾನದಂಡ ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2018ರ ತನ್ನ ಸುಲಭಲಭ್ಯತೆಯ ಸೂಚಿಯಲ್ಲಿ ಅದನ್ನು ನಿಯಮವಾಗಿಯೇ ಸೇರಿಸಿತು. 320 ಪಿಕ್ಸೆಲ್ ಅಗಲದಲ್ಲೂ ಅಡ್ಡಡ್ಡ ಎಳೆಯದೆ ಓದಲು ಬರಬೇಕು. 1280 ಅಗಲದ ಪರದೆಯಲ್ಲಿ ಅಕ್ಷರವನ್ನು ನಾಲ್ಕು ಪಟ್ಟು ಹಿಗ್ಗಿಸಿದಾಗ ಉಳಿಯುವ ಅಗಲ ಅದು. ಅಂದರೆ ನಿಯಮ ಬರೆದವರ ಕಣ್ಣಮುಂದೆ ಇದ್ದದ್ದು ಸಣ್ಣ ಫೋನಿನವರು ಮಾತ್ರವಲ್ಲ, ದೃಷ್ಟಿ ಮಂದವಾದವರು.

ನಮ್ಮ ಮನೆಗಳಲ್ಲೂ ಅವರಿದ್ದಾರೆ. ಪೊರೆ ಬಂದ ಕಣ್ಣಿನ ಅಜ್ಜಿ ಫೋನಿನ ಅಕ್ಷರವನ್ನು ಆದಷ್ಟೂ ದೊಡ್ಡದು ಮಾಡಿಸಿಕೊಂಡು, ಸಾಲಿಗೆ ಎರಡೇ ಪದ ಬಂದರೂ ನೆಮ್ಮದಿಯಾಗಿ ದಿನದ ಸುದ್ದಿ ಓದುತ್ತಾರೆ. ಸಾಲಿನ ಕೊನೆ ಓದುವವರಿಗೆ ಸೇರಿದ್ದು ಎಂದಾಗ ನನ್ನ ಮನಸ್ಸಿನಲ್ಲಿರುವುದು ಅವರೇ. ಅದೇ ಅಜ್ಜಿಗೆ ಪಿಂಚಣಿಯ ಸುತ್ತೋಲೆ ಪಿಡಿಎಫ್ ಆಗಿ ಬಂದರೆ ಏನೂ ಮಾಡಲಾಗದು. ಪಿಡಿಎಫ್ ಕಾಗದದ ಪಡಿಯಚ್ಚು, ಎ4 ಹಾಳೆಯ ಸಾಲುಗಳು ಅದರಲ್ಲಿ ಮೊಳೆ ಹೊಡೆದಂತೆ ಕೂತಿರುತ್ತವೆ. ಹಿಗ್ಗಿಸಿದಷ್ಟೂ ಸಾಲಿನ ಎರಡೂ ತುದಿ ಪರದೆಯ ಆಚೆ ಹೋಗುತ್ತವೆ. ಸಹಿ, ಮೊಹರು ಬೇಕಾದ ಕಡೆ ಪಿಡಿಎಫ್ ಇರಲಿ. ಜನರಿಗೆ ಓದಲೆಂದೇ ಹೊರಡಿಸುವ ಪ್ರಕಟಣೆಯ ಜೊತೆಗೆ ಅದೇ ಮಾತುಗಳನ್ನು ಮಡಿಸಿಕೊಳ್ಳಬಲ್ಲ ಬರಹವಾಗಿಯೂ ಕೊಡುವುದು ದೊಡ್ಡ ಖರ್ಚಿನ ಬಾಬಲ್ಲ.

ಇಷ್ಟೆಲ್ಲ ಹೇಳಿದ್ದು ಗದ್ಯಕ್ಕೆ. ಪದ್ಯದಲ್ಲಿ ಸಾಲು ಕವಿಯದು, ಅಲ್ಲಿ ಯಂತ್ರದ ಸ್ವಾತಂತ್ರ್ಯಕ್ಕೆ ಮಿತಿ ಬೇಕು. ಕನ್ನಡದ ಷಟ್ಪದಿಗಳು ಇದಕ್ಕೆ ಒಳ್ಳೆಯ ಪರೀಕ್ಷೆ. ಕುಮಾರವ್ಯಾಸನ ಭಾಮಿನಿಯನ್ನೇ ತೆಗೆದುಕೊಳ್ಳಿ. ಆರು ಪಾದ. ಒಂದು, ಎರಡು, ನಾಲ್ಕು, ಐದನೆಯವು 14 ಮಾತ್ರೆಯವು, ಮೂರು ಮತ್ತು ಆರನೆಯವು 23. ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ, ಅದೇ ಆದಿಪ್ರಾಸ. ಇಂಗ್ಲಿಷ್ ಪದ್ಯದ ಪ್ರಾಸ ಸಾಲಿನ ಬಲತುದಿಯಲ್ಲಿದ್ದರೆ ನಮ್ಮದು ಎಡ ಅಂಚಿಗೆ ತಾಗಿ ನಿಲ್ಲುತ್ತದೆ. ಇನ್ನೊಂದು ವಿಶೇಷವಿದೆ. ಷಟ್ಪದಿಯಲ್ಲಿ ಪದ ಪಾದದ ಕೊನೆಗೆ ಮುಗಿಯಲೇಬೇಕೆಂದಿಲ್ಲ. ಅರ್ಧ ಪದ ಈ ಪಾದದಲ್ಲಿ, ಉಳಿದರ್ಧ ಮುಂದಿನದರಲ್ಲಿ ಇರುವುದು ತೀರಾ ಸಾಮಾನ್ಯ. ಗಣ ಮುಗಿದಲ್ಲಿ ಪಾದ ಮುಗಿಯುತ್ತದೆ, ಪದ ಹರಿಯುತ್ತಲೇ ಇರುತ್ತದೆ. ಗಮಕಿಗಳು ವಾಚಿಸುವಾಗ ಕೇಳುಗರಿಗೆ ಆ ಒಡಕು ತಿಳಿಯುವುದೇ ಇಲ್ಲ.

ಈಗ ಇದನ್ನು ದೊಡ್ಡ ಅಕ್ಷರ ಇಟ್ಟುಕೊಂಡ ಫೋನಿನಲ್ಲಿ ತೆರೆಯಿರಿ. 14 ಮಾತ್ರೆಯ ಪಾದಗಳು ಹಿಡಿಸುತ್ತವೆ. 23 ಮಾತ್ರೆಯವು ಹಿಡಿಸದೆ ಎರಡೆರಡಾಗುತ್ತವೆ. ಆರು ಸಾಲಿದ್ದದ್ದು ಎಂಟು ಸಾಲಾಯಿತು. ಎಡ ಅಂಚಿನಲ್ಲಿ ಪ್ರಾಸ ಹುಡುಕುವ ಕಣ್ಣಿಗೆ ನಾಲ್ಕನೆಯ ಸಾಲಿನಲ್ಲಿ ಪ್ರಾಸ ಸಿಗುವುದಿಲ್ಲ, ಏಕೆಂದರೆ ಅದು ಪಾದವಲ್ಲ, ಮೂರನೆಯ ಪಾದದ ಬಾಲ. ಹೊಸದಾಗಿ ಛಂದಸ್ಸು ಕಲಿಯುವ ಹುಡುಗಿಯೊಬ್ಬಳು ಇಲ್ಲಿ ಪ್ರಸ್ತಾರ ಹಾಕಲು ಕೂತರೆ ಲೆಕ್ಕ ತಪ್ಪುವುದು ಖಂಡಿತ. ಪದವೇ ಪಾದದ ನಡುವೆ ಒಡೆದಿರುವ ಕಡೆ, ಈ ಒಡಕು ಕವಿಯದೋ ಫೋನಿನದೋ ಎಂದು ಅವಳು ಹೇಗೆ ತಿಳಿಯಬೇಕು?

ವಚನಗಳದ್ದು ಬೇರೆಯೇ ಬಗೆ. ತಾಳೆಗರಿಗಳಲ್ಲಿ ಅವು ಓಟದ ಬರಹ. ಇಂದು ನಾವು ಕಾಣುವ ಸಾಲುಗಳ ವಿಂಗಡಣೆ ಹೆಚ್ಚಾಗಿ ಅಚ್ಚಿನ ಕಾಲದ ಸಂಪಾದಕರು ಅರ್ಥ, ಲಯ ನೋಡಿ ಮಾಡಿದ್ದು, ಅದಕ್ಕೇ ಒಂದು ಆವೃತ್ತಿಯಿಂದ ಇನ್ನೊಂದಕ್ಕೆ ಸಾಲು ಬದಲಾಗಿರುತ್ತದೆ. ವಚನ ಮಡಿಸಿಕೊಂಡರೆ ಆಗುವ ನಷ್ಟ ಷಟ್ಪದಿಯಷ್ಟು ದೊಡ್ಡದಲ್ಲ. ಆದರೂ ಸಂಪಾದಕರ ನಿರ್ಧಾರಕ್ಕೂ ಬೆಲೆಯಿದೆ, ಅದು ಫೋನಿನ ಅಂಚಿನ ಜೊತೆ ಕಲಸಿಹೋಗಬಾರದು.

ಪರಿಹಾರ ಹಳೆಯ ಮುದ್ರಕರಿಗೆ ಗೊತ್ತಿತ್ತು. ಉದ್ದದ ಸಾಲು ಹಿಡಿಸದಿದ್ದರೆ ಮುಂದುವರಿದ ತುಂಡನ್ನು ಒಳಕ್ಕೆ ಸರಿಸಿ ಇಡುತ್ತಿದ್ದರು. ಇ-ಪುಸ್ತಕ, ವೆಬ್ ಪುಟ ಎರಡರಲ್ಲೂ ಅದೇ ಸೌಲಭ್ಯ ಇದೆ. ಪದ್ಯವನ್ನು ಒಂದೇ ಪ್ಯಾರಾ ಮಾಡಿ ನಡುನಡುವೆ ಸಾಲು ಮುರಿಯುವ ಬದಲು ಪ್ರತಿ ಪಾದವನ್ನೂ ಒಂದೊಂದು ಪ್ಯಾರಾ ಎಂದು ಗುರುತಿಸಬೇಕು. ಆ ಪ್ಯಾರಾದ ಮೊದಲ ಸಾಲು ಅಂಚಿಗೆ, ತಿರುಗಿದ ಸಾಲು ಎರಡು ಅಕ್ಷರದಷ್ಟು ಒಳಕ್ಕೆ ಎಂದು ಒಮ್ಮೆ ಹೇಳಿಟ್ಟರೆ ಇಡೀ ಕಾವ್ಯಕ್ಕೆ ಅದು ಅನ್ವಯಿಸುತ್ತದೆ. ಕನ್ನಡ ಕಾವ್ಯಗಳನ್ನು ಅಂತರ್ಜಾಲಕ್ಕೆ ಏರಿಸುತ್ತಿರುವವರು ಇಷ್ಟು ಮಾಡಿದರೆ, 23 ಮಾತ್ರೆಯ ಪಾದ ಎಷ್ಟೇ ಕಿರಿದಾದ ಪರದೆಯಲ್ಲಿ ಎರಡಾಗಿ ಮೂರಾಗಿ ಮಡಿಸಿಕೊಂಡರೂ ಆರು ಪ್ರಾಸಾಕ್ಷರಗಳು ಎಡ ಅಂಚಿನಲ್ಲಿ ತಮ್ಮ ಜಾಗ ಬಿಡುವುದಿಲ್ಲ.